10 ಪರ್ಸೆಂಟ್ ಒಳಗಿದ್ದರೆ ಕಳ್ಳತನ ಅಲ್ಲವಾ? ಕೃತಿಚೌರ್ಯದ ಲೆಕ್ಕ ಮತ್ತು ಕ್ಯಾಂಪಸ್ಸಿನ ತಕ್ಕಡಿ

ಪರ್ಸೆಂಟ್ ಅಂದ ಕೂಡಲೇ ನಮ್ಮ ರಾಜ್ಯದಲ್ಲಿ ನೆನಪಾಗೋದು ಗುತ್ತಿಗೆದಾರರ ಬಿಲ್ಲು, ಕಮಿಷನ್ನು. ಆದರೆ ಥೀಸಿಸ್ ಸಬ್ಮಿಟ್ ಮಾಡುವ ಹೊತ್ತಿನಲ್ಲಿ ಯಾವುದಾದರೂ ವಿಶ್ವವಿದ್ಯಾಲಯದ ಲೈಬ್ರರಿ ಮುಂದೆ ಐದು ನಿಮಿಷ ನಿಂತುಕೊಳ್ಳಿ. ಅಲ್ಲೂ ಪರ್ಸೆಂಟಿನದ್ದೇ ಮಾತು.

“ಎಷ್ಟು ಬಂತು?”
“ಹದಿನಾಲ್ಕು.”
“ಅಯ್ಯೋ, ಇನ್ನೊಂದ್ ನಾಲ್ಕು ಇಳಿಸ್ಬೇಕಲ್ಲ ಗುರು.”

ಇಳಿಸೋದು ಹೇಗೆ? ವಾಕ್ಯದ ತಲೆ ಬಾಲ ಅದಲು ಬದಲು ಮಾಡೋದು, ಪದಕ್ಕೆ ಸಮಾನಾರ್ಥಕ ಪದ ಕೂರಿಸೋದು. ಇಲ್ಲಾಂದ್ರೆ ಪುಟಕ್ಕಿಷ್ಟು ಅಂತ ದುಡ್ಡು ತಗೊಂಡು ‘ಪರ್ಸೆಂಟ್ ಇಳಿಸಿಕೊಡುವ’ ಆನ್‌ಲೈನ್ ಅಂಗಡಿಗೆ ಕೊಡೋದು. ಕದ್ದ ಬೈಕಿಗೆ ಬಣ್ಣ ಬಳಿದು ನಂಬರ್ ಪ್ಲೇಟ್ ಬದಲಿಸಿದ ಹಾಗೆ. ಬೈಕು ಯಾರದ್ದು ಅನ್ನೋ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಲ್ಲ.

ಸಂಶೋಧನೆಯಲ್ಲಿ ಕೃತಿಚೌರ್ಯ ತಡೆಯೋಕೆ ನಾವು ಕಟ್ಟಿಕೊಂಡಿರುವ ವ್ಯವಸ್ಥೆಯ ಮೂಲ ಸಮಸ್ಯೆ ಇದೇ. ಓದಿ ತೀರ್ಮಾನಿಸಬೇಕಾದ ವಿಷಯವನ್ನು ಒಂದು ಅಂಕಿಗೆ ಇಳಿಸಿದ್ದೇವೆ. ಆ ಅಂಕಿ ಬಲವಿಲ್ಲದವರನ್ನು ಹೆದರಿಸುತ್ತೆ, ಬಲ ಇರುವವರಿಗೆ ಗುರಾಣಿಯಾಗುತ್ತೆ.

ಕೃತಿಚೌರ್ಯ ಅಂದರೆ ನಕಲು ಮಾತ್ರ ಅಲ್ಲ

ಇನ್ನೊಬ್ಬರ ಬರಹ, ದತ್ತಾಂಶ, ಚಿತ್ರ ಅಥವಾ ಆಲೋಚನೆಯನ್ನು ಅವರ ಹೆಸರು ಹೇಳದೆ ನಮ್ಮದು ಅಂತ ತೋರಿಸಿಕೊಳ್ಳೋದು ಕೃತಿಚೌರ್ಯ. ಸಾಲು ಸಾಲು ಎತ್ತಿ ಹಾಕುವುದು ಅದರ ಅತ್ಯಂತ ಸೋಮಾರಿ ರೂಪ. ಇನ್ನೊಬ್ಬರ ವಾದವನ್ನು ಪೂರ್ತಿಯಾಗಿ ನಮ್ಮ ಮಾತಿನಲ್ಲಿ ಬರೆದು ಮೂಲ ಹೇಳದಿರೋದು, ಬೇರೆ ಭಾಷೆಯಿಂದ ಅನುವಾದಿಸಿ ಸ್ವಂತದ್ದು ಅನ್ನೋದು, ವಿದ್ಯಾರ್ಥಿಯ ಅಧ್ಯಾಯವನ್ನು ಗೈಡ್ ತನ್ನ ಹೆಸರಲ್ಲಿ ಪ್ರಕಟಿಸೋದು ಕೂಡ ಅದೇ. ತನ್ನದೇ ಹಳೆ ಲೇಖನವನ್ನು ಹೊಸದು ಅಂತ ಮತ್ತೊಂದು ಜರ್ನಲ್‌ಗೆ ಕಳಿಸುವುದನ್ನೂ ತಪ್ಪು ಅಂತಲೇ ಪರಿಗಣಿಸುತ್ತಾರೆ.

ಎಷ್ಟು ಸೂಕ್ಷ್ಮವಾಗಿ ಕದಿಯಬಹುದು ಅನ್ನೋದಕ್ಕೆ ಅಮೆರಿಕದ ಒಂದು ಪ್ರಕರಣ ನೋಡಿ. ಬೋಸ್ಟನ್ನಿನ ವೈದ್ಯ ಮೈಕೆಲ್ ಡ್ಯಾನ್ಸಿಂಗರ್ ತಮ್ಮ ತಂಡದ ಅಧ್ಯಯನವನ್ನು ‘ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್’ ಜರ್ನಲ್‌ಗೆ ಕಳಿಸಿದರು. 2015ರಲ್ಲಿ ಅದು ತಿರಸ್ಕೃತವಾಯಿತು. ಆಮೇಲೆ ನೋಡಿದರೆ ಅದೇ ಅಧ್ಯಯನ ಬೇರೊಂದು ಜರ್ನಲ್‌ನಲ್ಲಿ, ಬೇರೆಯವರ ಹೆಸರಲ್ಲಿ ಪ್ರಕಟವಾಗಿದೆ. ರೋಗಿಗಳು ಯುರೋಪಿನವರು ಅಂತ ಬದಲಾಯಿಸಿದ್ದಾರೆ, ಅಷ್ಟೇ. ಕದ್ದವರು ಯಾರು? ಆ ಲೇಖನವನ್ನು ಗುಟ್ಟಾಗಿ ಓದಿ ಅಭಿಪ್ರಾಯ ಹೇಳಬೇಕಿದ್ದ ಪರಿಶೀಲಕ, ಅಂದರೆ ಪೀರ್ ರಿವ್ಯೂವರ್. ಕದ್ದ ಲೇಖನವನ್ನು ಹಿಂಪಡೆಯಲಾಯಿತು. ಡ್ಯಾನ್ಸಿಂಗರ್ ಹೆಸರು ಹೇಳದೆ ಕಳ್ಳನಿಗೊಂದು ಬಹಿರಂಗ ಪತ್ರ ಬರೆದರು, ಮೊದಲ ಜರ್ನಲ್ ಅದನ್ನು ಪ್ರಕಟಿಸಿತು.

ಕಳ್ಳತನವಾದಾಗ ಡ್ಯಾನ್ಸಿಂಗರ್ ಲೇಖನ ಎಲ್ಲೂ ಪ್ರಕಟವೇ ಆಗಿರಲಿಲ್ಲ. ಹೋಲಿಸಿ ನೋಡೋಕೆ ಸಾಫ್ಟ್‌ವೇರ್ ಬಳಿ ಏನೂ ಇರಲಿಲ್ಲ. ಹಿಡಿದದ್ದು ಮೂಲ ಲೇಖಕನ ಕಣ್ಣು.

ಮೆಷಿನ್ ಹೇಳೋದು ಏನು, ಹೇಳದೇ ಇರೋದು ಏನು

ಟರ್ನಿಟಿನ್, ಐಥೆಂಟಿಕೇಟ್, ಡ್ರಿಲ್‌ಬಿಟ್ ತರಹದ ಸಾಫ್ಟ್‌ವೇರ್‌ಗಳು ನಿಮ್ಮ ಬರಹದ ಪದಗಳ ಸಾಲನ್ನು ತಮ್ಮ ಸಂಗ್ರಹದ ಲೇಖನ, ಥೀಸಿಸ್, ವೆಬ್ ಪುಟಗಳ ಜೊತೆ ಹೋಲಿಸುತ್ತವೆ. ಇಷ್ಟು ಭಾಗ ಬೇರೆ ಕಡೆಯ ಪಠ್ಯಕ್ಕೆ ಹೊಂದುತ್ತೆ ಅಂತ ಹೇಳುತ್ತವೆ. ಇದು ಸಾಮ್ಯದ ವರದಿ, ಕಳ್ಳತನದ ತೀರ್ಪಲ್ಲ. ತಾನು ಕೃತಿಚೌರ್ಯವನ್ನು ಪತ್ತೆ ಮಾಡೋದಿಲ್ಲ, ಹೊಂದುವ ಪಠ್ಯವನ್ನು ತೋರಿಸುತ್ತೇನಷ್ಟೇ ಅಂತ ಟರ್ನಿಟಿನ್ ಕಂಪನಿಯೇ ಹೇಳುತ್ತೆ.

ಹಾಗಾಗಿ 35 ಪರ್ಸೆಂಟ್ ಬಂದ ಬರಹ ಪ್ರಾಮಾಣಿಕವಾಗಿರಬಹುದು. ಕಾನೂನಿನ ಕಲಂಗಳು, ಪ್ರಯೋಗದ ಸಿದ್ಧ ವಿಧಾನದ ವಿವರಣೆ, ಉಲ್ಲೇಖಗಳು ಸೇರಿ ಅಂಕಿ ಏರಿರಬಹುದು. ಇನ್ನೊಂದು ಕಡೆ 3 ಪರ್ಸೆಂಟ್ ಬಂದದ್ದು ಪೂರ್ತಿ ಕದ್ದ ಮಾಲೇ ಆಗಿರಬಹುದು.

ಯಂತ್ರಕ್ಕೆ ಸಿಗಬಾರದು ಅಂತ ಯಂತ್ರದಿಂದಲೇ ಪದ ಬದಲಿಸುವ ದಂಧೆ ಎಲ್ಲಿಗೆ ಮುಟ್ಟಿದೆ ಅಂದರೆ, 2021ರಲ್ಲಿ ಗಿಯೋಮ್ ಕಬನಾಕ್ ಮತ್ತು ಸಂಗಡಿಗರು ಇದಕ್ಕೊಂದು ಹೆಸರನ್ನೇ ಇಟ್ಟರು: ‘ಟಾರ್ಚರ್ಡ್ ಫ್ರೇಸಸ್’, ಚಿತ್ರಹಿಂಸೆಗೆ ಒಳಗಾದ ಪದಪುಂಜಗಳು. ‘ಆರ್ಟಿಫಿಷಿಯಲ್ ಇಂಟೆಲಿಜೆನ್ಸ್’ ಇದ್ದ ಕಡೆ ‘ಕೌಂಟರ್‌ಫಿಟ್ ಕಾನ್ಷಿಯಸ್‌ನೆಸ್’, ಅಂದರೆ ಖೋಟಾ ಪ್ರಜ್ಞೆ! ‘ಬ್ರೆಸ್ಟ್ ಕ್ಯಾನ್ಸರ್’ ಹೋಗಿ ‘ಬೂಸಮ್ ಪೆರಿಲ್’. ಇಂಥ ಪದಗಳು ದೊಡ್ಡ ಪ್ರಕಾಶಕರ ಜರ್ನಲ್‌ಗಳಲ್ಲೂ ಅಚ್ಚಾಗಿದ್ದವು. ಅಂದರೆ ಲೇಖಕ, ಪರಿಶೀಲಕ, ಸಂಪಾದಕ, ಮೂವರೂ ಅದನ್ನು ಗಮನವಿಟ್ಟು ಓದಿರಲಿಲ್ಲ.

ಈಗ ಚಾಟ್‌ಜಿಪಿಟಿ ಬಂದ ಮೇಲೆ ಪದ ಬದಲಿಸೋದು ಇನ್ನೂ ನಯವಾಗಿದೆ. ಅದಕ್ಕೆ ಎದುರಾಗಿ ‘ಎಐ ಡಿಟೆಕ್ಟರ್’ ಮಾರಾಟಕ್ಕೆ ಬಂದಿವೆ. ಅವುಗಳನ್ನು ನಂಬುವ ಮುಂಚೆ ಒಂದು ವಿಷಯ ಗೊತ್ತಿರಲಿ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ತಾಯ್ನುಡಿಯಲ್ಲದ ವಿದ್ಯಾರ್ಥಿಗಳ 91 ಟೋಫೆಲ್ ಪ್ರಬಂಧಗಳನ್ನು ಏಳು ಡಿಟೆಕ್ಟರ್‌ಗಳಿಗೆ ಕೊಟ್ಟು ನೋಡಿದರು. ಮನುಷ್ಯರೇ ಬರೆದ ಆ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಯಂತ್ರ ಬರೆದದ್ದು ಅಂತ ಅವು ಹೇಳಿದವು. ಸರಳ ಇಂಗ್ಲಿಷ್ ಬರೆಯೋದೇ ಅಪರಾಧದ ಸುಳಿವಾದರೆ, ಸಿಕ್ಕಿಬೀಳೋದು ಕನ್ನಡ ಮಾಧ್ಯಮದಿಂದ ಬಂದ ಹುಡುಗ ಹುಡುಗಿಯರೇ.

ಜರ್ನಲ್ ಏನು ಮಾಡಬೇಕು?

1997ರಲ್ಲಿ ಬ್ರಿಟನ್ನಿನ ಕೆಲವು ವೈದ್ಯಕೀಯ ಸಂಪಾದಕರು ಸೇರಿ ‘ಕೋಪ್’ ಅನ್ನೋ ಸಂಸ್ಥೆ ಶುರು ಮಾಡಿದರು, ಪ್ರಕಟಣಾ ನೈತಿಕತೆಯ ಸಮಿತಿ ಅದು. ಇವತ್ತು ಜಗತ್ತಿನ ಸಾವಿರಾರು ಜರ್ನಲ್‌ಗಳು ಅದರ ದಾರಿಯನ್ನು ಅನುಸರಿಸುತ್ತೇವೆ ಅನ್ನುತ್ತವೆ. ದಾರಿ ಇಷ್ಟೇ.

ಲೇಖನ ಕೈಗೆ ಬಂದಾಗಲೇ ಸಾಮ್ಯದ ತಪಾಸಣೆ ಮಾಡಬೇಕು. ವರದಿಯನ್ನು ಮನುಷ್ಯರು ಕೂತು ಓದಬೇಕು. ಹೊಂದುವ ಭಾಗ ಎಲ್ಲಿದೆ? ಪೀಠಿಕೆಯ ನಾಲ್ಕು ಸಾಲೋ, ಫಲಿತಾಂಶದ ಕೋಷ್ಟಕವೋ? ಸಣ್ಣದಾದರೆ ಲೇಖಕರಿಗೆ ತಿಳಿಸಿ, ಮೂಲ ಹೇಳಿ ತಿದ್ದಿ ಬರೆಯಲು ಹೇಳಬೇಕು. ದೊಡ್ಡದಾದರೆ ಎರಡೂ ಪಠ್ಯಗಳನ್ನು ಪಕ್ಕಪಕ್ಕ ಇಟ್ಟು ಲಿಖಿತ ವಿವರಣೆ ಕೇಳಬೇಕು. ಉತ್ತರ ಒಪ್ಪುವಂತಿಲ್ಲದಿದ್ದರೆ ಲೇಖನ ತಿರಸ್ಕರಿಸಿ, ಅಗತ್ಯ ಬಿದ್ದರೆ ಲೇಖಕರ ಸಂಸ್ಥೆಗೆ ತಿಳಿಸಬೇಕು.

ಈಗಾಗಲೇ ಪ್ರಕಟವಾಗಿದ್ದರೆ? ತಪ್ಪು ಸಣ್ಣದಾದರೆ ತಿದ್ದುಪಡಿ. ತನಿಖೆ ನಡೀತಿದ್ದರೆ ಓದುಗರಿಗೆ ಎಚ್ಚರಿಕೆಯ ಟಿಪ್ಪಣಿ. ಸಾಬೀತಾದರೆ ರಿಟ್ರಾಕ್ಷನ್, ಅಂದರೆ ಲೇಖನವನ್ನು ಹಿಂಪಡೆಯುವುದು. ಹಿಂಪಡೆಯೋದು ಅಂದರೆ ಅಳಿಸಿ ಹಾಕೋದಲ್ಲ. ಲೇಖನ ಅಲ್ಲೇ ಇರುತ್ತೆ, ಮೇಲೆ ‘ಹಿಂಪಡೆಯಲಾಗಿದೆ’ ಅನ್ನೋ ಮುದ್ರೆ ಬೀಳುತ್ತೆ, ಯಾಕೆ ಅನ್ನೋ ಕಾರಣವೂ ಇರುತ್ತೆ. ಸದ್ದಿಲ್ಲದೆ ವೆಬ್‌ಸೈಟಿನಿಂದ ಪಿಡಿಎಫ್ ತೆಗೆದು ಹಾಕುವ ನಮ್ಮ ಎಷ್ಟೋ ಜರ್ನಲ್‌ಗಳ ಅಭ್ಯಾಸ ಇದಕ್ಕೆ ಪೂರ್ತಿ ಉಲ್ಟಾ. ಅದು ಶಿಕ್ಷೆಯಲ್ಲ, ಸಾಕ್ಷಿ ನಾಶ.

ಈ ನಿಯಮಗಳ ಜೀವ ಇರೋದು ಓದುವ, ಓದಿ ತೀರ್ಮಾನಿಸುವ ಸಂಪಾದಕರಲ್ಲಿ. ಪ್ರಕಟಣೆಗೆ ದುಡ್ಡು ಪಡೆದು ಮೂರು ದಿನದಲ್ಲಿ ಅಚ್ಚು ಹಾಕುವ ಜರ್ನಲ್‌ನಲ್ಲಿ ಅಂಥವರು ಇರೋದಿಲ್ಲ.

ಯುಜಿಸಿ ನಿಯಮ: ತಪ್ಪು ಒಂದೇ, ತಕ್ಕಡಿ ಎರಡು

ಭಾರತದಲ್ಲಿ ಈ ವಿಷಯಕ್ಕೆ ಕಾನೂನಿನ ಬಲ ಇರುವ ನಿಯಮ ಬಂದದ್ದು 2018ರಲ್ಲಿ. ಯುಜಿಸಿ ಸಾಮ್ಯವನ್ನು ನಾಲ್ಕು ಹಂತ ಮಾಡಿತು. 10 ಪರ್ಸೆಂಟ್‌ವರೆಗೆ ಶಿಕ್ಷೆ ಇಲ್ಲ. ಆಮೇಲೆ 10ರಿಂದ 40, 40ರಿಂದ 60, 60ಕ್ಕಿಂತ ಹೆಚ್ಚು.

ಮೊದಲು ಆ 10ರ ಲೆಕ್ಕ ನೋಡೋಣ. 200 ಪುಟದ ಥೀಸಿಸ್ಸಿನಲ್ಲಿ 10 ಪರ್ಸೆಂಟ್ ಅಂದರೆ 20 ಪುಟ. ಸಾರಾಂಶ, ಫಲಿತಾಂಶ, ಉಪಸಂಹಾರದಂಥ ಭಾಗಗಳಲ್ಲಿ ಯಾವುದೇ ಸಾಮ್ಯ ಇರಬಾರದು ಅಂತ ನಿಯಮದಲ್ಲೇ ಒಂದು ಟಿಪ್ಪಣಿ ಇದೆ, ನಿಜ. ಆದರೆ ಕ್ಯಾಂಪಸ್ಸಿನಲ್ಲಿ ಆ ಟಿಪ್ಪಣಿ ಓದಿದವರು ಎಷ್ಟು ಜನ? ಎಲ್ಲರ ಬಾಯಲ್ಲಿ ಇರೋದು “ಹತ್ತರ ಒಳಗೆ ತನ್ನಿ” ಅನ್ನೋದು ಮಾತ್ರ.

ಈಗ ಶಿಕ್ಷೆಗೆ ಬರೋಣ. 60 ಪರ್ಸೆಂಟ್‌ಗಿಂತ ಹೆಚ್ಚು ನಕಲು ಮಾಡಿದ ಥೀಸಿಸ್ ಕೊಟ್ಟ ವಿದ್ಯಾರ್ಥಿಗೆ ನೋಂದಣಿಯೇ ರದ್ದು. ಪಿಎಚ್‌ಡಿ ಕಥೆ ಅಲ್ಲಿಗೆ ಮುಗೀತು. 60 ಪರ್ಸೆಂಟ್‌ಗಿಂತ ಹೆಚ್ಚು ನಕಲು ಮಾಡಿ ಲೇಖನ ಪ್ರಕಟಿಸಿದ ಪ್ರಾಧ್ಯಾಪಕರಿಗೆ? ಲೇಖನ ವಾಪಸ್ ತಗೋಬೇಕು, ಎರಡು ವಾರ್ಷಿಕ ಇನ್‌ಕ್ರಿಮೆಂಟ್ ಕಡಿತ, ಮೂರು ವರ್ಷ ಹೊಸ ವಿದ್ಯಾರ್ಥಿಗಳಿಗೆ ಗೈಡ್ ಆಗುವಂತಿಲ್ಲ. 10ರಿಂದ 40ರ ನಡುವಿನ ತಪ್ಪಾದರೆ ಲೇಖನ ವಾಪಸ್ ತಗೊಂಡರೆ ಸಾಕು. ಅದೇ ಗಂಭೀರ ತಪ್ಪು ಮತ್ತೆ ಮಾಡಿದರೆ ಮಾತ್ರ ಅಮಾನತು, ವಜಾ ಅನ್ನೋ ಮಾತು ಬರುತ್ತೆ.

ಕಲಿಯುತ್ತಿರುವವರಿಗೆ ಬಾಗಿಲು ಬಂದ್, ಕಲಿಸುತ್ತಿರುವವರಿಗೆ ಸಂಬಳದಲ್ಲಿ ಸ್ವಲ್ಪ ಕಡಿತ. ಜಾಸ್ತಿ ಗೊತ್ತಿರಬೇಕಾದವರಿಗೆ ಕಡಿಮೆ ಶಿಕ್ಷೆ. ಇದಕ್ಕೆ ನ್ಯಾಯ ಅಂತ ಹೆಸರಿಡೋದು ಕಷ್ಟ.

ದೂರು ವಿಚಾರಣೆಗೂ ಎರಡು ಸಮಿತಿಗಳಿವೆ. ಮೊದಲು ವಿಭಾಗ ಮಟ್ಟದ ಸಮಿತಿ, ಅದರ ಅಧ್ಯಕ್ಷರು ವಿಭಾಗದ ಮುಖ್ಯಸ್ಥರು. ಅಲ್ಲಿಂದ ಸಂಸ್ಥೆ ಮಟ್ಟದ ಸಮಿತಿಗೆ. ಒಂದೊಂದಕ್ಕೂ 45 ದಿನದ ಗಡುವು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ನಾಲ್ಕೇ ಜನ ಮೇಷ್ಟ್ರುಗಳಿರುವ ವಿಭಾಗವನ್ನು ಕಲ್ಪಿಸಿಕೊಳ್ಳಿ. ನಿಮ್ಮ ಅಧ್ಯಾಯವನ್ನು ಗೈಡ್ ತನ್ನ ಹೆಸರಲ್ಲಿ ಪ್ರಕಟಿಸಿದ್ದಾರೆ. ದೂರು ಕೊಡಬೇಕಾದದ್ದು ಅವರ ಪಕ್ಕದ ಕೋಣೆಯಲ್ಲಿ ಕೂತಿರುವ ಅವರ ಸಹೋದ್ಯೋಗಿಗೆ. ನಿಮ್ಮ ಪ್ರಗತಿ ವರದಿಗೆ, ಫೆಲೋಶಿಪ್ ಬಿಲ್ಲಿಗೆ ಸಹಿ ಹಾಕಬೇಕಾದವರು ಅದೇ ಗೈಡ್. ಎಷ್ಟು ಜನ ದೂರು ಕೊಡ್ತಾರೆ? “ಮೊದಲು ಪಿಎಚ್‌ಡಿ ಮುಗಿಸ್ಕೊಳ್ಳಮ್ಮ, ಆಮೇಲೆ ನೋಡೋಣ” ಅಂತ ಬುದ್ಧಿ ಹೇಳುವ ಹಿರಿಯರೇ ಜಾಸ್ತಿ.

ದೊಡ್ಡವರು ಸಿಕ್ಕಿಬಿದ್ದಾಗ

ಕದ್ದವರು ಸಂಸ್ಥೆಯ ಮುಖ್ಯಸ್ಥರೇ ಆದರೆ? 2002ರಲ್ಲಿ ಉತ್ತರಾಖಂಡದ ಕುಮಾವೂಂ ವಿಶ್ವವಿದ್ಯಾಲಯದ ಕುಲಪತಿ, ಭೌತವಿಜ್ಞಾನಿ ಬಿ.ಎಸ್. ರಜಪೂತ್ ಅವರ ಒಂದು ಪ್ರಬಂಧ ಸ್ಟ್ಯಾನ್‌ಫರ್ಡ್ ವಿಜ್ಞಾನಿ ರೆನಾಟಾ ಕಲ್ಲೋಷ್ ಅವರ 1996ರ ಲೇಖನದ ನಕಲು ಅನ್ನೋ ಆರೋಪ ಬಂತು. ಸ್ಟ್ಯಾನ್‌ಫರ್ಡ್ ಪ್ರಾಧ್ಯಾಪಕರು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಗೇ ಪತ್ರ ಬರೆದರು. ನಿವೃತ್ತ ನ್ಯಾಯಮೂರ್ತಿಯ ನೇತೃತ್ವದ ಸಮಿತಿ ತನಿಖೆ ಮಾಡಿ ಆರೋಪ ಎತ್ತಿಹಿಡಿಯಿತು, 2003ರಲ್ಲಿ ಕುಲಪತಿ ರಾಜೀನಾಮೆ ಕೊಟ್ಟರು. ಒಬ್ಬ ಕುಲಪತಿಯನ್ನು ಪ್ರಶ್ನಿಸೋಕೆ ವಿದೇಶದ ಪ್ರಾಧ್ಯಾಪಕರು, ರಾಷ್ಟ್ರಪತಿ ಭವನ, ನ್ಯಾಯಮೂರ್ತಿ ಎಲ್ಲ ಬೇಕಾಯಿತು ಅನ್ನೋದನ್ನು ಗಮನಿಸಿ.

ಬೆಂಗಳೂರಿನ ಪ್ರಕರಣ ಬೇರೆ ತರಹದ್ದು. 2011ರಲ್ಲಿ ‘ಅಡ್ವಾನ್ಸ್ಡ್ ಮೆಟೀರಿಯಲ್ಸ್’ ಜರ್ನಲ್‌ನಲ್ಲಿ ಬಂದ, ಸಿ.ಎನ್.ಆರ್. ರಾವ್ ಸಹಲೇಖಕರಾಗಿದ್ದ ಪ್ರಬಂಧದ ಕೆಲವು ಸಾಲುಗಳು 2010ರ ಇನ್ನೊಂದು ಲೇಖನದ ಸಾಲುಗಳೇ ಆಗಿದ್ದವು. 2012ರಲ್ಲಿ ರಾವ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಸಹಲೇಖಕರು ಅದೇ ಜರ್ನಲ್‌ನಲ್ಲಿ ಕ್ಷಮೆ ಕೇಳಿದರು. ಫಲಿತಾಂಶ ಹೊಸದೇ ಆಗಿತ್ತು, ಆ ಬಗ್ಗೆ ತಕರಾರು ಇರಲಿಲ್ಲ. ಜರ್ನಲ್ ಪ್ರಬಂಧವನ್ನು ಹಿಂಪಡೆಯಲಿಲ್ಲ. ಆ ಸಾಲುಗಳನ್ನು ಬರೆದದ್ದು ಪಿಎಚ್‌ಡಿ ವಿದ್ಯಾರ್ಥಿ ಅನ್ನೋದು ಆಗ ಬಂದ ವಿವರಣೆ.

ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋಕೆ ಆಗಲ್ಲ. ಒಂದು ಕಡೆ ಸಂಶೋಧನೆಯನ್ನೇ ಎತ್ತಿದ ಆರೋಪ, ಇನ್ನೊಂದು ಕಡೆ ಪೀಠಿಕೆಯಲ್ಲಿ ನುಸುಳಿದ ಸಾಲುಗಳು. ಜರ್ನಲ್ ಓದಿ ತೀರ್ಮಾನಿಸಿತು, ಬಹಿರಂಗ ಕ್ಷಮೆ ಬಂತು. ಸರಿಯೇ. ಆದರೆ ನಮ್ಮ ಪ್ರಶ್ನೆ ಉಳಿಯುತ್ತೆ. ನಾಲ್ಕು ಸಾಲಿನ ತಪ್ಪು ತಪ್ಪೇ, ಆದರೆ ಸಂದರ್ಭ ನೋಡಬೇಕು ಅನ್ನೋ ವಿವೇಕ ರಾಷ್ಟ್ರದ ದೊಡ್ಡ ವಿಜ್ಞಾನಿಗೆ ಸಿಕ್ಕಿತು. ಅದೇ ವಿವೇಕ ಯಾವುದೋ ಜಿಲ್ಲೆಯ ಸ್ನಾತಕೋತ್ತರ ಕೇಂದ್ರದ ಸಂಶೋಧನಾ ವಿದ್ಯಾರ್ಥಿನಿಗೆ ಸಿಗುತ್ತಾ? ಅವಳಿಗೆ ಸಿಗೋದು 14 ಪರ್ಸೆಂಟ್ ಅನ್ನೋ ಕೆಂಪು ಅಂಕಿ.

ಎಚ್ಚರ ವಹಿಸಬೇಕಾದ ಇನ್ನೊಂದು ಮುಖವೂ ಇದೆ. ಕೃತಿಚೌರ್ಯದ ಆರೋಪ ರಾಜಕೀಯ ಆಯುಧವೂ ಆಗಬಹುದು. 2011ರಲ್ಲಿ ಜರ್ಮನಿಯ ರಕ್ಷಣಾ ಸಚಿವ ಗುಟೆನ್‌ಬರ್ಗ್ ಥೀಸಿಸ್ಸಿನ ಕಳ್ಳತನವನ್ನು ಸಾಮಾನ್ಯ ಓದುಗರೇ ಆನ್‌ಲೈನ್‌ನಲ್ಲಿ ಸೇರಿ ಪುಟ ಪುಟ ಬಯಲು ಮಾಡಿದರು, ಡಾಕ್ಟರೇಟೂ ಹೋಯಿತು, ಸಚಿವ ಸ್ಥಾನವೂ ಹೋಯಿತು. ಅದು ಪ್ರಜಾಪ್ರಭುತ್ವದ ಗೆಲುವು. ಹಾರ್ವರ್ಡ್‌ನ ಮೊದಲ ಕಪ್ಪು ಅಧ್ಯಕ್ಷೆ ಕ್ಲಾಡಿನ್ ಗೇ 2024ರ ಜನವರಿಯಲ್ಲಿ ರಾಜೀನಾಮೆ ಕೊಟ್ಟಾಗ ಚಿತ್ರ ಅಷ್ಟು ಸರಳ ಇರಲಿಲ್ಲ. ಮೂಲ ಹೇಳದ ಸಾಲುಗಳು ಇದ್ದದ್ದು ನಿಜ. ಅವುಗಳನ್ನು ಹುಡುಕಿ ಪ್ರಚಾರ ಮಾಡಿದವರ ಗುರಿ ಬರೀ ಸಂಶೋಧನೆಯ ಶುದ್ಧತೆ ಆಗಿರಲಿಲ್ಲ ಅನ್ನೋದೂ ನಿಜ. ದಾರಿ ಒಂದೇ: ನಿಯಮ ಎಲ್ಲರಿಗೂ ಒಂದೇ ಇರಬೇಕು, ವಿಚಾರಣೆಯ ಕಾರಣಗಳು ಬಹಿರಂಗ ಆಗಬೇಕು.

ಕನ್ನಡದಲ್ಲಿ ಕದ್ದರೆ?

ಕನ್ನಡದಲ್ಲೇ ಸಂಶೋಧನೆ ಮಾಡುವವರಿಗೆ ಈ ಲೆಕ್ಕ ಇನ್ನೂ ವಿಚಿತ್ರ. ನಮ್ಮ ಎಷ್ಟೋ ಥೀಸಿಸ್‌ಗಳು ಟೈಪ್ ಆಗಿರೋದು ಹಳೇ ನುಡಿ ಫಾಂಟ್‌ಗಳಲ್ಲಿ, ಯೂನಿಕೋಡ್‌ನಲ್ಲಲ್ಲ. ಕಣ್ಣಿಗೆ ಕನ್ನಡ ಕಾಣುತ್ತೆ, ಆದರೆ ಕಂಪ್ಯೂಟರಿನ ಒಳಗೆ ಇರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಅಂಥ ಪಿಡಿಎಫ್‌ನಿಂದ ಒಂದು ಪ್ಯಾರಾ ಕಾಪಿ ಮಾಡಿ ವಾಟ್ಸಾಪಿಗೆ ಹಾಕಿ ನೋಡಿ, ಅರ್ಥ ಆಗುತ್ತೆ. ಅದನ್ನು ಯೂನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡಿಕೊಟ್ಟರೆ ಸಾಫ್ಟ್‌ವೇರ್‌ಗೆ ಎರಡೂ ಬೇರೆ ಬೇರೆ ಬರಹ.

ಸತತ 14 ಪದಗಳವರೆಗಿನ ಸಾಮಾನ್ಯ, ಕಾಕತಾಳೀಯ ಹೊಂದಿಕೆಯನ್ನು ಬಿಡಬಹುದು ಅನ್ನುತ್ತೆ ಯುಜಿಸಿ ನಿಯಮ. ಇದು ಇಂಗ್ಲಿಷಿನ ಅಳತೆ. ಇಂಗ್ಲಿಷಿನಲ್ಲಿ ‘ಫ್ರಮ್ ಇನ್‌ಸೈಡ್ ದ ಹೌಸ್’ ನಾಲ್ಕು ಪದ. ಕನ್ನಡದಲ್ಲಿ ‘ಮನೆಯೊಳಗಿನಿಂದ’ ಒಂದೇ. ಕನ್ನಡದ 14 ಪದದಲ್ಲಿ ಇಡೀ ಒಂದು ವಾದವನ್ನೇ ಹೇಳಿ ಮುಗಿಸಬಹುದು. ಸಾಲದ್ದಕ್ಕೆ ಒಂದು ಪ್ರತ್ಯಯ ಬದಲಿಸಿದರೆ, ಒಂದು ಸಂಧಿ ಬಿಡಿಸಿದರೆ ಪದವೇ ಬೇರೆ ಅಂತ ಯಂತ್ರ ಅಂದುಕೊಳ್ಳಬಹುದು.

ಇಂಗ್ಲಿಷ್ ಪುಸ್ತಕದ ಅಧ್ಯಾಯವನ್ನು ಕನ್ನಡಕ್ಕೆ ತಂದು ಸ್ವಂತ ಹೆಸರು ಹಾಕಿಕೊಂಡರೆ ಸಾಮ್ಯ ಸೊನ್ನೆಗೆ ಹತ್ತಿರ. ಹಿಡಿಯೋಕೆ ಎರಡೂ ಓದಿರುವ ಒಬ್ಬ ಮನುಷ್ಯ ಬೇಕು. ಹಾಗಾಗಿ ಕನ್ನಡ ಥೀಸಿಸ್ಸಿಗೆ ಬರುವ ಕಡಿಮೆ ಅಂಕಿ ಪ್ರಾಮಾಣಿಕತೆಗೆ ಪುರಾವೆಯಲ್ಲ.

ಬೇರು ಎಲ್ಲಿದೆ?

ಯಾಕೆ ಕದೀತಾರೆ? ಕೆಲವರು ಕಳ್ಳರು, ಅದು ಸರಿ. ಆದರೆ ಎಲ್ಲರೂ ಅಲ್ಲ. ನೇಮಕಾತಿಗೆ, ಬಡ್ತಿಗೆ ಪ್ರಬಂಧಗಳ ಸಂಖ್ಯೆ ಎಣಿಸುವ ಪದ್ಧತಿ ತಂದೆವು. ಎಣಿಕೆ ಶುರುವಾದ ಮೇಲೆ ಮಾಲು ಒದಗಿಸುವ ಅಂಗಡಿಗಳು ಹುಟ್ಟಿದವು. 2018ರಲ್ಲಿ ಯುಜಿಸಿ ತನ್ನದೇ ಅನುಮೋದಿತ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಕೈಬಿಡಬೇಕಾಯಿತು. 2019ರಲ್ಲಿ ‘ಕೇರ್’ ಪಟ್ಟಿ ಬಂತು, 2025ರಲ್ಲಿ ಅದನ್ನೂ ನಿಲ್ಲಿಸಿ ಒಳ್ಳೆ ಜರ್ನಲ್ ಯಾವುದು ಅಂತ ನೀವೇ ನೋಡಿಕೊಳ್ಳಿ ಅಂತ ಸಂಸ್ಥೆಗಳಿಗೆ ಬಿಟ್ಟಿತು. ಪಿಎಚ್‌ಡಿಗೆ ಪ್ರಬಂಧ ಪ್ರಕಟಿಸಲೇಬೇಕು ಅನ್ನೋ ಕಡ್ಡಾಯವನ್ನು 2022ರಲ್ಲಿ ತೆಗೆದರೂ, ಕೆಲಸ ಕೇಳಲು ಹೋದಾಗ ಎಣಿಸೋದು ನಿಂತಿಲ್ಲ. ಅತಿಥಿ ಉಪನ್ಯಾಸಕರಾಗಿ ವಾರಪೂರ್ತಿ ಪಾಠ ಮಾಡಿ, ಸಂಬಳಕ್ಕೆ ತಿಂಗಳುಗಟ್ಟಲೆ ಕಾಯುವವರಿಗೆ ಪ್ರಬಂಧ ಬರೆಯೋಕೆ ಸಮಯ ಎಲ್ಲಿಂದ ಬರುತ್ತೆ?

ಇನ್ನೊಂದು ಕಾರಣ, ನಮಗೆ ಬರೆಯೋದನ್ನು ಯಾರೂ ಕಲಿಸಲೇ ಇಲ್ಲ. ಗೈಡ್ ಬುಕ್ಕಿನ ಉತ್ತರವನ್ನು ಅಕ್ಷರ ಬಿಡದೆ ಬರೆದವರಿಗೆ ಪೂರ್ತಿ ಅಂಕ ಕೊಟ್ಟು ಬೆಳೆಸಿದ ವ್ಯವಸ್ಥೆ, 25ನೇ ವಯಸ್ಸಿನಲ್ಲಿ ಇದ್ದಕ್ಕಿದ್ದ ಹಾಗೆ “ಸ್ವಂತ ಮಾತಿನಲ್ಲಿ ಬರಿ” ಅನ್ನುತ್ತೆ, ಅದೂ ಇಂಗ್ಲಿಷಿನಲ್ಲಿ. ಇದು ಕಳ್ಳತನಕ್ಕೆ ಸಮರ್ಥನೆ ಅಲ್ಲ. ಆದರೆ ತಡೆಯಬೇಕು ಅಂತ ನಿಜವಾಗ್ಲೂ ಇದ್ದರೆ ಕೆಲಸ ಶುರುವಾಗಬೇಕಾದದ್ದು ಇಲ್ಲಿಂದ.

ಹಾಗಾದರೆ ಏನು ಕೇಳಬೇಕು?

ಕ್ಯಾಂಪಸ್ಸಿನಲ್ಲಿ ಫೀಸು, ಹಾಸ್ಟೆಲ್ಲು, ಫೆಲೋಶಿಪ್ ಬಗ್ಗೆ ಹೋರಾಟ ಮಾಡುವ ಸಂಘಟನೆಗಳು ಇದನ್ನೂ ತಮ್ಮ ಬೇಡಿಕೆ ಪಟ್ಟಿಗೆ ಸೇರಿಸಬೇಕು. ಕಷ್ಟದ ಬೇಡಿಕೆಗಳೇನಲ್ಲ.

ಅಂಕಿಯೊಂದನ್ನೇ ನೋಡಿ ಯಾರ ಥೀಸಿಸ್ಸನ್ನೂ ತಡೆಯಬಾರದು, ಯಾರ ಥೀಸಿಸ್ಸನ್ನೂ ಪಾಸು ಮಾಡಬಾರದು. ಪೂರ್ತಿ ಸಾಮ್ಯ ವರದಿ ವಿದ್ಯಾರ್ಥಿಯ ಕೈಗೆ ಸಿಗಬೇಕು, ಉತ್ತರ ಕೊಡಲು ಅವಕಾಶ ಇರಬೇಕು. ಗೈಡ್ ವಿರುದ್ಧದ ದೂರನ್ನು ಅದೇ ವಿಭಾಗದ ಸಮಿತಿ ವಿಚಾರಿಸಬಾರದು, ಹೊರಗಿನವರು ವಿಚಾರಿಸಬೇಕು. ದೂರು ಕೊಟ್ಟ ಕೂಡಲೇ ಬೇರೆ ಗೈಡ್ ಕೇಳುವ ಹಕ್ಕು ಬೇಕು. ಪ್ರತಿ ವರ್ಷ ಎಷ್ಟು ದೂರು ಬಂತು, ಏನು ಕ್ರಮ ಆಯಿತು ಅನ್ನೋದನ್ನು ವಿಶ್ವವಿದ್ಯಾಲಯ ಪ್ರಕಟಿಸಬೇಕು. ಮಾಡದಿದ್ದರೆ ಆರ್‌ಟಿಐ ಅರ್ಜಿ ಹಾಕೋಕೆ ನಿಮಗೆ ಬೇಕಿರೋದು 10 ರೂಪಾಯಿ. ಕನ್ನಡ ಥೀಸಿಸ್‌ಗಳನ್ನು ಯೂನಿಕೋಡ್‌ನಲ್ಲೇ ಸಲ್ಲಿಸುವ ನಿಯಮ ಬರಬೇಕು. ಮತ್ತೆ, ಉಲ್ಲೇಖ ಕೊಡೋದು ಹೇಗೆ ಅಂತ ಕಲಿಸೋದು ಪಿಎಚ್‌ಡಿ ಕೋರ್ಸ್‌ವರ್ಕ್‌ನ ಒಂದು ಗಂಟೆಯಲ್ಲಲ್ಲ, ಪದವಿಯ ಮೊದಲ ವರ್ಷದಲ್ಲೇ.

ಒಂದು ಟಿಪ್ಪಣಿ ಹಾಕಿ “ಇದು ಇವರು ಹೇಳಿದ್ದು” ಅನ್ನೋದು ತಾಂತ್ರಿಕ ಶಿಷ್ಟಾಚಾರ ಮಾತ್ರ ಅಲ್ಲ. ಯಾರದ್ದೋ ದುಡಿಮೆಗೆ ಕೊಡುವ ಮನ್ನಣೆ ಅದು. ದುಡಿದವರ ಹೆಸರು ಅಳಿಸಿ ಬಲಾಢ್ಯರ ಹೆಸರು ಬರೆಯೋದರ ವಿರುದ್ಧ ಮಾತಾಡುವ ನಾವು, ಹೊಲದ ಬಗ್ಗೆ, ಕಾರ್ಖಾನೆ ಬಗ್ಗೆ ಕೇಳುವ ಪ್ರಶ್ನೆಯನ್ನು ಲೈಬ್ರರಿ ಬಗ್ಗೆಯೂ ಕೇಳಬೇಕು. ಮುಂದಿನ ಸಲ ಗೆಳತಿ “14 ಬಂತು ಕಣೋ” ಅಂದಾಗ “ಇಳಿಸು” ಅನ್ನಬೇಡಿ. “ಆ 14ರಲ್ಲಿ ಏನೇನಿದೆ, ತೋರಿಸು, ಓದೋಣ” ಅನ್ನಿ.